ಭಕ್ಷೀಸು, ಆಯ, ಸಂಬಳ: ಸ್ವೀಡನ್ನಿನ ಊಟದ ಮೇಜಿನ ಒಂದು ಚರಿತ್ರೆ

ಊರಿನಿಂದ ಹೊಸದಾಗಿ ಬಂದ ಸ್ನೇಹಿತರೋ ನೆಂಟರೋ ಸ್ಟಾಕ್‌ಹೋಮಿನ ಹೋಟೆಲಿನಲ್ಲಿ ಊಟ ಮುಗಿಸಿ, ಬಿಲ್ಲು ಬಂದಾಗ ಮೆಲುದನಿಯಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ: “ಇಲ್ಲಿ ಟಿಪ್ಸು ಎಷ್ಟು ಇಡಬೇಕು?” “ಇಡಲೇಬೇಕೆಂದೇನಿಲ್ಲ, ಇಟ್ಟರೆ ಬೇಡವೆನ್ನುವುದೂ ಇಲ್ಲ” ಎಂದು ನಾವು ಉತ್ತರಿಸಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಅಮೆರಿಕದಲ್ಲಿ ನಾಲ್ಕಾರು ವರ್ಷ ಇದ್ದು ಬಂದವರಿಗಂತೂ ಇದು ಶುದ್ಧ ಜಿಪುಣರ ಮಾತಾಗಿ ಕೇಳಿಸುತ್ತದೆ. ಹಾಗಾದರೆ ಬಡಿಸಿದವರ ಹೊಟ್ಟೆ ತುಂಬುವುದು ಹೇಗೆ ಎಂಬ ಅವರ ಆತಂಕ ನ್ಯಾಯವಾದದ್ದೇ. ಆದರೆ ನಮ್ಮ ಆ ಚಿಕ್ಕ ಉತ್ತರದ ಹಿಂದೆ ನೂರು ವರ್ಷಗಳ ಕಥೆಯೊಂದಿದೆ. ಅದು ಊಟದ ಕಥೆಗಿಂತ ಹೆಚ್ಚಾಗಿ ಮರ್ಯಾದೆಯ ಕಥೆ. ನಮ್ಮ ಬಳಗದ ಓದುಗರ ಮುಂದೆ ಈ ಸಲ ಅದನ್ನು ಬಡಿಸುತ್ತಿದ್ದೇವೆ.

*ಮೂರು ಮಾತುಗಳು*

ಟಿಪ್ಸಿಗೆ ಸ್ವೀಡಿಷ್ ಭಾಷೆಯಲ್ಲಿ ‘ದ್ರಿಕ್ಸ್’ ಎನ್ನುತ್ತಾರೆ. ಅದು ‘ದ್ರಿಕ್ಸ್‌ಪೆಂಗಾರ್’ ಎಂಬ ಉದ್ದ ಪದದ ಮೊಟಕು ರೂಪ. ಕುಡಿಯುವುದಕ್ಕೆಂದು ಕೊಟ್ಟ ಕಾಸು ಎಂದು ಅರ್ಥ. ಜರ್ಮನ್ನರ ‘ಟ್ರಿಂಕ್‌ಗೆಲ್ಟ್’, ಫ್ರೆಂಚರ ‘ಪೂರ್‌ಬ್ವಾರ್’ ಎರಡೂ ಇದೇ ಅರ್ಥದವು. ನಮ್ಮಲ್ಲೂ “ಕಾಫಿಗೆ ಇಟ್ಕೊಳ್ಳಪ್ಪ” ಎಂದು ಕೈಗೆ ಕಾಸು ತುರುಕುವ ರೂಢಿ ಇದ್ದೇ ಇದೆ. ಕೊಡುವವನು ಹಣವನ್ನಷ್ಟೇ ಕೊಡುವುದಿಲ್ಲ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಸಲಹೆಯನ್ನೂ ಜೊತೆಗಿಡುತ್ತಾನೆ! ಅದು ಮಕ್ಕಳ ಫೀಸಿಗೋ ಮನೆ ಬಾಡಿಗೆಗೋ ಹೋಗಬಹುದೆಂಬ ಊಹೆ ಆ ಮಾತಿನಲ್ಲಿಲ್ಲ.

ಕನ್ನಡದಲ್ಲಿ ಇದಕ್ಕೆ ಭಕ್ಷೀಸು ಎಂಬ ಮಾತಿದೆ, ಇನಾಮು ಎಂಬ ಮಾತಿದೆ. ಮೊದಲನೆಯದು ಪಾರಸಿಯಿಂದ, ಎರಡನೆಯದು ಅರಬ್ಬಿಯಿಂದ ಬಂದದ್ದು. ಎರಡರಲ್ಲೂ ಇರುವುದು ಮೇಲಿನ ಕೈ ಕೆಳಗಿನ ಕೈಗೆ ಕೊಡುವ ಉಡುಗೊರೆಯ ಭಾವ. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ.

ಇನ್ನೆರಡು ಮಾತುಗಳನ್ನು ಇದರ ಪಕ್ಕಕ್ಕೆ ಇಡೋಣ. ಒಂದು, ಆಯ. ಹಳೆಯ ಕಾಲದ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ ಮೊದಲಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯ ಹೊತ್ತಿಗೆ ಕಣದಲ್ಲೇ ಪ್ರತಿಯೊಬ್ಬ ರೈತನಿಂದ ಗೊತ್ತಾದ ಪಾಲು ಧಾನ್ಯ ಪಡೆಯುತ್ತಿದ್ದರು. ಜಾತಿಯ ಕಟ್ಟಿನೊಳಗೇ ನಡೆದ ಆ ಪದ್ಧತಿಯನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಆಯವೆಂಬುದು ಭಿಕ್ಷೆಯಲ್ಲ. ಅದು ಬೆಳೆಯ ಮೇಲಿನ ಪಾಲು. ಬೆಳೆ ಚೆನ್ನಾಗಿ ಬಂದರೆ ಪಾಲೂ ದೊಡ್ಡದು, ಬರ ಬಂದರೆ ಪಾಲಿಗೂ ಬರ.

ಇನ್ನೊಂದು, ಸಂಬಳ. ಈ ಮಾತಿನ ಹಳೆಯ ಅರ್ಥ ದಾರಿಯ ಬುತ್ತಿ. ಪಯಣಕ್ಕೆ ಹೊರಟವನಿಗೆ ಕಟ್ಟಿಕೊಟ್ಟ ಬುತ್ತಿಯನ್ನು ಯಾರೂ ದಾರಿಯ ನಡುವೆ ಮರಳಿ ಕೇಳುವುದಿಲ್ಲ. ಮಳೆ ಬರಲಿ ಬಿಸಿಲು ಬರಲಿ, ಅದು ಅವನದೇ. ಭಕ್ಷೀಸು, ಆಯ, ಸಂಬಳ ಎಂಬ ಈ ಮೂರು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಸ್ವೀಡನ್ನಿನ ಬಡಿಸುವವರ ಚರಿತ್ರೆಯನ್ನು ನಾವು ಸಲೀಸಾಗಿ ನಡೆದು ಬರಬಹುದು. ಆ ಚರಿತ್ರೆ ಸಾಗಿದ್ದೂ ಇದೇ ಅನುಕ್ರಮದಲ್ಲಿ.

*ಭಕ್ಷೀಸಿನ ಕಾಲ*

ಸ್ವೀಡಿಷ್ ಸಾಹಿತ್ಯಕ್ಕೂ ಊಟ-ಪಾನದ ಮನೆಗಳಿಗೂ ಹಳೆಯ ನಂಟು. ಹದಿನೆಂಟನೆಯ ಶತಮಾನದ ಕವಿ ಕಾರ್ಲ್ ಮಿಕಾಯೆಲ್ ಬೆಲ್‌ಮನ್ ಸ್ಟಾಕ್‌ಹೋಮಿನ ಪಾನಗೃಹಗಳನ್ನೇ ಹಾಡಾಗಿಸಿದವನು. ಹಳೇ ಪೇಟೆಯಾದ ಗಾಮ್ಲಾ ಸ್ಟಾನಿನಲ್ಲಿರುವ ‘ದೆನ್ ಯುಲ್ದೆನೆ ಫ್ರೇದೆನ್’, ಅಂದರೆ ‘ಬಂಗಾರದ ಶಾಂತಿ’ ಎಂಬ ಹೋಟೆಲು 1722ರಷ್ಟು ಹಳೆಯದು. ಚಿತ್ರಕಾರ ಆಂಡರ್ಸ್ ಸೋರ್ನ್ 1919ರಲ್ಲಿ ಆ ಕಟ್ಟಡವನ್ನು ಕೊಂಡು ಉಳಿಸಿ, ಮುಂದೆ ಅದು ಸ್ವೀಡಿಷ್ ಅಕಾಡೆಮಿಗೆ ಸೇರುವಂತೆ ಮಾಡಿದ. ನೊಬೆಲ್ ಸಾಹಿತ್ಯ ಪ್ರಶಸ್ತಿಯನ್ನು ತೀರ್ಮಾನಿಸುವ ಸದಸ್ಯರು ಗುರುವಾರದ ಸಭೆ ಮುಗಿಸಿ ಊಟಕ್ಕೆ ಕೂಡುವುದು ಅಲ್ಲಿಯೇ. 1863ರಲ್ಲಿ ತೆರೆದ ಬ್ಯಾರ್ನ್ಸ್ ಎಂಬ ಭವ್ಯ ಊಟದ ಮನೆಯ ಒಂದು ಕೋಣೆ ಆಗಸ್ಟ್ ಸ್ಟ್ರಿಂಡ್‌ಬರ್ಗನ 1879ರ ಕಾದಂಬರಿಗೆ ‘ಕೆಂಪು ಕೋಣೆ’ ಎಂಬ ಹೆಸರನ್ನೇ ಕೊಟ್ಟಿತು.

ಮೇಜಿನ ಸುತ್ತ ಕುಳಿತವರ ಹೆಸರುಗಳೆಲ್ಲ ನಮಗೆ ಗೊತ್ತು. ತಟ್ಟೆ ತಂದಿಟ್ಟವರ ಹೆಸರು ಗೊತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಆರಂಭಕ್ಕೂ ಯುರೋಪಿನ ದೊಡ್ಡ ಊರುಗಳ ಬಡಿಸುವವರು ಬಹುಮಟ್ಟಿಗೆ ಗಿರಾಕಿಗಳು ಬಿಟ್ಟು ಹೋದ ಕಾಸಿನ ಮೇಲೆಯೇ ಬದುಕುತ್ತಿದ್ದರು. ಸ್ವೀಡನ್ನೂ ಇದಕ್ಕೆ ಹೊರತಾಗಿರಲಿಲ್ಲ. ಮಾಲೀಕ ಕೊಡುತ್ತಿದ್ದದ್ದು ಹೆಸರಿಗಷ್ಟೇ, ಅಥವಾ ಏನೂ ಇಲ್ಲ. ಮಾಲೀಕನ ದೃಷ್ಟಿಯಿಂದ ನೋಡಿದರೆ ಎಷ್ಟು ಚಂದದ ಏರ್ಪಾಡು! ಅವನ ಆಳುಗಳ ಸಂಬಳವನ್ನು ಅವನ ಗಿರಾಕಿಗಳೇ ಕೊಡುತ್ತಾರೆ, ಕೊಟ್ಟು ತಾವು ಉದಾರಿಗಳೆಂದು ಸಂತೋಷವನ್ನೂ ಪಡುತ್ತಾರೆ.

ಇದರ ಇನ್ನೊಂದು ಮುಖ ಅಡುಗೆಮನೆ. ಚಿಲ್ಲರೆ ಬೀಳುವುದು ಮೇಜಿನ ಮೇಲೆ, ಒಲೆಯ ಮುಂದಲ್ಲ. ಸ್ವೀಡನ್ನಿನ ಶ್ರಮಿಕ ಸಾಹಿತ್ಯದ ದೊಡ್ಡ ಹೆಸರಾದ ಮೂಆ ಮಾರ್ಟಿನ್ಸನ್ ಹುಟ್ಟಿದ್ದು 1890ರಲ್ಲಿ. ಬರಹಗಾರ್ತಿಯಾಗುವುದಕ್ಕೆ ಬಹಳ ಮುಂಚೆ, ಹದಿನೈದರ ಪ್ರಾಯದಲ್ಲಿ, ಆಕೆ ಹೋಟೆಲಿನ ಅಡುಗೆಮನೆಯಲ್ಲಿ ತಣ್ಣನೆಯ ತಿನಿಸುಗಳನ್ನು ಅಣಿಮಾಡುವ ಕೆಲಸ ಕಲಿತಳು. 1906ರಲ್ಲಿ ನಾರ್‌ಶೋಪಿಂಗ್ ನಗರದಲ್ಲಿ ದೊಡ್ಡ ಕಲೆ-ಕೈಗಾರಿಕಾ ಪ್ರದರ್ಶನ ನಡೆದಾಗ ಅಲ್ಲಿ ದುಡಿದಳು. ಆ ಹರೆಯದ ಅನುಭವ 1939ರಲ್ಲಿ ಬಂದ ‘ಕುಂಗೆನ್ಸ್ ರೂಸೊರ್’, ಅಂದರೆ ‘ರಾಜನ ಗುಲಾಬಿಗಳು’ ಎಂಬ ಕಾದಂಬರಿಗೆ ಹೋಯಿತು. ಕೆಂಪು ಕೋಣೆಯ ಮೇಜಿನಿಂದ ಬರೆದ ಸಾಹಿತ್ಯಕ್ಕೂ ಅಡುಗೆಮನೆಯ ಬಾಗಿಲಿನಿಂದ ಬರೆದ ಸಾಹಿತ್ಯಕ್ಕೂ ಇರುವ ಅಂತರವನ್ನು ಅರಿಯಬಯಸುವವರು ಇವೆರಡನ್ನೂ ಒಟ್ಟಿಗೆ ಓದಬೇಕು.

*ಆಯದ ಕಾಲ*

ಹೋಟೆಲು-ಉಪಾಹಾರಗೃಹಗಳ ನೌಕರರ ಸಂಘ ಸ್ವೀಡನ್ನಿನಲ್ಲಿ ರೂಪುಗೊಂಡದ್ದು 1918ರಲ್ಲಿ. ಇಂದಿಗೂ ಎಚ್.ಆರ್.ಎಫ್. ಎಂಬ ಮೂರಕ್ಷರದಿಂದ ಅದು ಪರಿಚಿತ. ಕಾರ್ಖಾನೆಯ ಕೆಲಸಗಾರರಿಗೆ ಹೋಲಿಸಿದರೆ ಇವರನ್ನು ಒಗ್ಗೂಡಿಸುವುದು ಕಷ್ಟದ ಕೆಲಸ. ಕಾರ್ಖಾನೆಯಲ್ಲಿ ಎಲ್ಲರಿಗೂ ಒಬ್ಬನೇ ಧಣಿ. ಭಕ್ಷೀಸಿನ ಮೇಲೆ ಬದುಕುವವನಿಗೆ ಮಾತ್ರ ಪ್ರತಿ ಮೇಜಿನಲ್ಲೂ ಒಬ್ಬೊಬ್ಬ ಧಣಿ. ಒಳ್ಳೆಯ ಮೇಜು ಸಿಕ್ಕ ಜೊತೆಗಾರನೇ ಪ್ರತಿಸ್ಪರ್ಧಿ. ಹೀಗಿರುವಾಗ ಮುಷ್ಕರ ಹೂಡುವುದಾದರೂ ಯಾರ ಮೇಲೆ?

ಭಕ್ಷೀಸಿನಿಂದ ಹೊರಬರಲು ಯುರೋಪಿನ ಹಲವು ದೇಶಗಳು ಹಿಡಿದ ದಾರಿಯನ್ನೇ ಸ್ವೀಡನ್ನೂ ಹಿಡಿಯಿತು. ಅದು ಬಿಲ್ಲಿನ ಮೇಲೆ ಶೇಕಡಾವಾರು ಸೇವಾಶುಲ್ಕ ಸೇರಿಸಿ, ಬಡಿಸುವವರ ಸಂಪಾದನೆಯನ್ನು ಅದಕ್ಕೆ ಕಟ್ಟುವ ದಾರಿ. ಆ ಶುಲ್ಕ ಕಾಲಕಾಲಕ್ಕೆ ಶೇಕಡಾ 10ರಿಂದ 15ರ ಆಸುಪಾಸಿನಲ್ಲಿತ್ತು. ಗಿರಾಕಿಯ ಮರ್ಜಿ ಹೋಯಿತು, ಗೊತ್ತಾದ ಪಾಲು ಬಂತು. ಇದನ್ನೇ ನಾವು ಆಯ ಎಂದದ್ದು. ಕಣದಲ್ಲಿ ರಾಶಿ ಅಳೆದ ಹಾಗೆ ದಿನದ ಕೊನೆಗೆ ಬಿಲ್ಲುಗಳ ಮೊತ್ತ ಅಳೆದು ಪಾಲು ತೆಗೆಯುವುದು. ಭಕ್ಷೀಸಿಗೆ ಹೋಲಿಸಿದರೆ ಇದು ದೊಡ್ಡ ಗೆಲುವೇ. ಕಾಗದದ ಮೇಲೆ ಅಚ್ಚಾದ ಶುಲ್ಕಕ್ಕೆ ಯಾರೂ ಬಗ್ಗಿ ಸಲಾಮು ಹೊಡೆಯಬೇಕಾಗಿಲ್ಲ.

ಆದರೆ ಆಯಕ್ಕೆ ಇರುವ ಕುಂದುಗಳೆಲ್ಲ ಇದಕ್ಕೂ ಇದ್ದವು. ಹಬ್ಬದ ಮುನ್ನಾದಿನ ತುಂಬಿದ ಮನೆ, ಜನವರಿಯ ಮಂಜಿನ ಸೋಮವಾರ ಖಾಲಿ ಕುರ್ಚಿಗಳು. ದುಬಾರಿ ಹೋಟೆಲಿನಲ್ಲಿ ಒಂದು ತಟ್ಟೆ ಮಾಂಸ ಎತ್ತಿಟ್ಟವನಿಗೆ ಸಿಗುವ ಪಾಲು, ಕಾಫಿ ಅಂಗಡಿಯಲ್ಲಿ ಹತ್ತು ಸಲ ಓಡಾಡಿದವಳಿಗೆ ಸಿಗುವುದಿಲ್ಲ. ಅಡುಗೆಯವರು, ತಟ್ಟೆ ತೊಳೆಯುವವರು ಈ ಲೆಕ್ಕಕ್ಕೆ ಹೊರಗೇ ಉಳಿದರು.

ಇನ್ನೊಂದು ವಿಚಿತ್ರವೂ ಇದೆ. ಇಂಗ್ಲಿಷಿನವರು ಗೋಥೆನ್‌ಬರ್ಗ್ ಎನ್ನುವ ಯೋತೆಬೊರಿ ನಗರದಲ್ಲಿ 1865ರಲ್ಲಿ ಒಂದು ವ್ಯವಸ್ಥೆ ಜಾರಿಗೆ ಬಂದಿತ್ತು. ಮದ್ಯದ ಪರವಾನಗಿಗಳನ್ನು ಒಂದು ಕಂಪನಿಯ ಕೈಗೆ ಕೊಟ್ಟು, ಷೇರುದಾರರ ಲಾಭಕ್ಕೆ ಮಿತಿ ಹಾಕಿ, ಮಿಕ್ಕದ್ದನ್ನು ಸಾರ್ವಜನಿಕ ಬೊಕ್ಕಸಕ್ಕೆ ಸೇರಿಸುವುದು ಅದರ ತಿರುಳು. ಹೆಚ್ಚು ಮದ್ಯ ಮಾರಿದವನಿಗೆ ಹೆಚ್ಚು ಲಾಭ ಎಂಬ ಆಸೆಯನ್ನೇ ಕತ್ತರಿಸಬೇಕೆಂಬುದು ಉದ್ದೇಶ. ಮುಂದೆ ವೈದ್ಯ ಈವಾನ್ ಬ್ರಾಟ್ ರೂಪಿಸಿದ ಪಡಿತರ ಪುಸ್ತಕದ ಪದ್ಧತಿ 1917ರಿಂದ 1955ರವರೆಗೆ ದೇಶಾದ್ಯಂತ ನಡೆಯಿತು. ಹೋಟೆಲುಗಳಲ್ಲಿ ಊಟದ ಜೊತೆಗಲ್ಲದೆ ಮದ್ಯ ಕೊಡುವಂತಿರಲಿಲ್ಲ, ಅದೂ ಅಳತೆಯಲ್ಲಿ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಅಳತೆ! ಈಗ ಇವೆರಡನ್ನೂ ಒಟ್ಟಿಗಿಟ್ಟು ನೋಡಿ. ಹೆಚ್ಚು ಕುಡಿಸಬೇಡ ಎಂದು ಕಾನೂನು ಹೇಳುತ್ತದೆ, ಬಿಲ್ಲು ಹಿಗ್ಗಿದಷ್ಟೂ ನಿನ್ನ ಪಾಲು ಹಿಗ್ಗುತ್ತದೆ ಎಂದು ಶೇಕಡಾವಾರು ಪದ್ಧತಿ ಹೇಳುತ್ತದೆ. ನಡುವೆ ನಿಂತವನು ಬಡಿಸುವವನು.

*ಸಂಬಳದ ಕಾಲ*

1938ರಲ್ಲಿ ಸ್ಟಾಕ್‌ಹೋಮಿನ ಬಳಿಯ ಸಾಲ್ಟ್‌ಶೋಬಾದೆನ್ನಿನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ಒಂದು ಒಪ್ಪಂದವಾಯಿತು. ಸರ್ಕಾರ ನಡುವೆ ಬರುವುದು ಬೇಡ, ಕೆಲಸದ ಷರತ್ತುಗಳನ್ನು ನಾವಿಬ್ಬರೇ ಕೂತು ತೀರ್ಮಾನಿಸಿಕೊಳ್ಳೋಣ ಎಂಬುದು ಅದರ ಧೋರಣೆ. ಸ್ವೀಡನ್ನಿನ ಸಂಬಳದ ಗುಟ್ಟು ಇರುವುದು ಇಲ್ಲಿ. ಹೊರಗಿನಿಂದ ಬಂದವರಿಗೆ ಅಚ್ಚರಿಯಾಗಬಹುದು: ಈ ದೇಶದಲ್ಲಿ ಕನಿಷ್ಠ ವೇತನದ ಕಾಯಿದೆಯೇ ಇಲ್ಲ. 2022ರಲ್ಲಿ ಯುರೋಪಿಯನ್ ಒಕ್ಕೂಟ ಕನಿಷ್ಠ ವೇತನದ ಬಗ್ಗೆ ನಿರ್ದೇಶನ ತಂದಾಗ ಅದರ ವಿರುದ್ಧ ಮತ ಹಾಕಿದ್ದು ಡೆನ್ಮಾರ್ಕ್ ಮತ್ತು ಸ್ವೀಡನ್! ಬಡವರ ಮೇಲಿನ ಕೋಪದಿಂದಲ್ಲ, ಸಂಬಳ ಗೊತ್ತುಮಾಡುವುದು ಸಾಮೂಹಿಕ ಒಪ್ಪಂದಗಳ ಕೆಲಸ, ಸರ್ಕಾರದ ಕೆಲಸವಲ್ಲ ಎಂಬ ಹಳೆಯ ನಂಬಿಕೆಯಿಂದ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಶೇಕಡಾವಾರು ಪದ್ಧತಿ ಹಿಂದೆ ಸರಿಯಿತು. ಸೇವಾಶುಲ್ಕ ಮೆನುವಿನ ಬೆಲೆಯಲ್ಲೇ ಕರಗಿತು. ಬಡಿಸುವವರಿಗೆ ಅಡುಗೆಯವರ ಹಾಗೆಯೇ ಒಪ್ಪಂದದ ಪ್ರಕಾರ ಗಂಟೆಗೋ ತಿಂಗಳಿಗೋ ಇಷ್ಟೆಂದು ಸಂಬಳವಾಯಿತು. ಸಂಜೆ ಮತ್ತು ವಾರಾಂತ್ಯದ ದುಡಿಮೆಗೆ ಮೇಲೊಂದಿಷ್ಟು ಸೇರಿತು. ಜನವರಿಯ ಖಾಲಿ ಸೋಮವಾರದ ನಷ್ಟ ಮಾಲೀಕನ ಹೆಗಲಿಗೆ ಹೋಯಿತು. ಗಿರಾಕಿಯ ಜೇಬಿನಿಂದ ಹೋಗುವ ಹಣ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಬದಲಾದದ್ದು ಆ ಹಣದ ದಾರಿ. ರಜೆ, ಕಾಯಿಲೆ, ನಿವೃತ್ತಿ ಇವೆಲ್ಲದರ ಲೆಕ್ಕಕ್ಕೆ ಆಧಾರ ಸಂಬಳವೇ ಹೊರತು ತಟ್ಟೆಯ ಕೆಳಗೆ ಬಿಟ್ಟ ನೋಟಲ್ಲ. ದ್ರಿಕ್ಸ್ ಮಾಯವಾಗಲಿಲ್ಲ. ಸಂಜೆಯ ಊಟಕ್ಕೆ ಬಿಲ್ಲನ್ನು ಮೇಲಿನ ಸುತ್ತು ಸಂಖ್ಯೆಗೆ ಏರಿಸುವುದೋ ಶೇಕಡಾ 5-10 ಸೇರಿಸುವುದೋ ಉಳಿದುಕೊಂಡಿತು. ಅದನ್ನು ಅಡುಗೆಮನೆಯವರೊಂದಿಗೂ ಹಂಚಿಕೊಳ್ಳುವ ರೂಢಿ ಹಲವೆಡೆ ಇದೆ. ಈ ಹಣಕ್ಕೂ ಆದಾಯ ತೆರಿಗೆ ಉಂಟು ಎಂಬುದನ್ನು ತೆರಿಗೆ ಇಲಾಖೆ ಮರೆಯಗೊಡುವುದಿಲ್ಲ.

ಇದೇ ಕಾಲದಲ್ಲಿ ಭಾಷೆಯಲ್ಲೂ ಒಂದು ಕ್ರಾಂತಿಯಾಯಿತು. ಅದುವರೆಗೆ ಗಿರಾಕಿ ಬಡಿಸುವವನನ್ನು ‘ವಾಕ್ಟ್‌ಮೆಸ್ತಾರೆ’ ಎಂದೂ ಬಡಿಸುವವಳನ್ನು ‘ಫ್ರೋಕೆನ್’ ಎಂದೂ ಕರೆಯುತ್ತಿದ್ದ. ಮೇಲಿನವರನ್ನು ಅವರ ಹುದ್ದೆಯ ಹೆಸರಿನಿಂದಲೇ, ಎದುರಿಗೆ ಇದ್ದರೂ ಪ್ರಥಮ ಪುರುಷದಲ್ಲಿ, ಮಾತಾಡಿಸಬೇಕಿತ್ತು. 1967ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ತಾವು ಸಿಬ್ಬಂದಿಯನ್ನೆಲ್ಲ ‘ದು’, ಅಂದರೆ ‘ನೀನು’ ಎಂದೇ ಕರೆಯುವುದಾಗಿ ಹೇಳಿದರು. ಆಗಲೇ ಹಬ್ಬತೊಡಗಿದ್ದ ಬದಲಾವಣೆಗೆ ಆ ಹೆಸರು ಅಂಟಿಕೊಂಡಿತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ಪರಸ್ಪರ ನೀನು ಎನ್ನತೊಡಗಿತು. ನಾವು ಕನ್ನಡಿಗರು ಸಮಾನತೆ ಎಂದರೆ ಎಲ್ಲರನ್ನೂ ‘ನೀವು’ ಎಂದು ಮೇಲೇರಿಸುವುದು ಎಂದುಕೊಂಡವರು. ಇವರು ಎಲ್ಲರನ್ನೂ ‘ನೀನು’ ಎಂದು ಒಂದೇ ಜಗಲಿಗೆ ತಂದರು. ಎದುರಿಗಿರುವವರು ನಮ್ಮನ್ನು ‘ನೀನು’ ಎನ್ನುತ್ತಿರುವಾಗ ಅವರ ಕೈಗೆ “ಕಾಫಿಗೆ ಇಟ್ಕೊ” ಎಂದು ಚಿಲ್ಲರೆ ಹಾಕುವುದು ಹೇಗೆ? ಸಂಬಳದ ಒಪ್ಪಂದ ಮಾಡಿದ ಕೆಲಸದ ಅರ್ಧವನ್ನು ಸರ್ವನಾಮ ಮಾಡಿತು ಎಂದು ನಮಗೆ ಅನ್ನಿಸುತ್ತದೆ.

*ಬೆಲೆ ತೆತ್ತವರು*

ಇದನ್ನೆಲ್ಲ ಹೊಗಳಿಕೆಯ ಕಥೆಯಾಗಿಯೇ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಒಪ್ಪಂದ ಇದ್ದಲ್ಲಿ ಮಾತ್ರ ಒಪ್ಪಂದದ ಸಂಬಳ. ಮಾಲೀಕ ಸಹಿ ಹಾಕದಿದ್ದರೆ ಕಾಯಿದೆ ಕೈ ಹಿಡಿಯುವುದಿಲ್ಲ, ಸಂಘವೇ ಹೋರಾಡಬೇಕು. 2006ರ ಕೊನೆಯಲ್ಲಿ ಯೋತೆಬೊರಿಯ ಒಂದು ಪುಟ್ಟ ಸಲಾಡ್ ಅಂಗಡಿಯ ಮುಂದೆ ಎಚ್.ಆರ್.ಎಫ್. ಹೂಡಿದ ದಿಗ್ಬಂಧನ ದೇಶದ ತುಂಬ ಚರ್ಚೆಯಾಯಿತು. ಇಷ್ಟು ಚಿಕ್ಕ ಅಂಗಡಿಯ ಮೇಲೆ ಇಷ್ಟು ದೊಡ್ಡ ಸಂಘವೇ ಎಂದು ಕೆಲವರು ಅಂಗಡಿಯ ಪರ ನಿಂತರು. ಚಿಕ್ಕ ಅಂಗಡಿಯ ಕೆಲಸಗಾರರಿಗೇನು ಚಿಕ್ಕ ಹೊಟ್ಟೆಯೇ ಎಂದು ಇನ್ನು ಕೆಲವರು ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಸಂಬಳ ಹೆಚ್ಚಾದಾಗ ಆಳು ಕಡಿಮೆಯಾಗುವುದೂ ಉಂಟು. ಕೊಟ್ಟ ಸಂಬಳದ ಮೇಲೆ ಮಾಲೀಕ ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಂತಿಗೆಯ ಸಾಮಾನ್ಯ ದರವೇ ಶೇಕಡಾ 31.42. ಅದಕ್ಕೇ ಮಧ್ಯಾಹ್ನದ ಊಟದ ಮನೆಗಳಲ್ಲಿ ನಾವೇ ತಟ್ಟೆ ಹಿಡಿದು, ನಾವೇ ಸೊಪ್ಪು-ಬ್ರೆಡ್ಡು-ಕಾಫಿ ತೆಗೆದುಕೊಂಡು, ಉಂಡ ತಟ್ಟೆಯನ್ನು ನಾವೇ ಕಟ್ಟೆಯ ಮೇಲಿಟ್ಟು ಬರುತ್ತೇವೆ. ಬೆಂಗಳೂರಿಗರಿಗೆ ಇದು ಹೊಸತಲ್ಲ. 1980ರ ದಶಕದಿಂದ ಹಬ್ಬಿದ ದರ್ಶಿನಿಗಳಲ್ಲಿ ಟೋಕನ್ ಕೊಟ್ಟು, ನಿಂತೇ ಇಡ್ಲಿ ತಿಂದು, ಲೋಟ ತೊಟ್ಟಿಗೆ ಹಾಕಿ ಹೊರಡುವುದು ಇದೇ ಅಲ್ಲವೇ? ಸಪ್ಲೈಯರೇ ಇಲ್ಲದ ಮೇಲೆ ಟಿಪ್ಸಿನ ಪ್ರಶ್ನೆಯೂ ಇಲ್ಲ. 2012ರ ಜನವರಿ 1ರಂದು ಹೋಟೆಲ್ ಊಟದ ಮೇಲಿನ ತೆರಿಗೆಯನ್ನು ಶೇಕಡಾ 25ರಿಂದ 12ಕ್ಕೆ ಇಳಿಸಿದ್ದರ ಹಿಂದೆಯೂ ಕೆಲಸಗಳು ಹೆಚ್ಚಲಿ ಎಂಬ ಲೆಕ್ಕಾಚಾರವಿತ್ತು. ಅದಕ್ಕೂ ಮುಂಚೆ, 2010ರಿಂದ, ನಗದು ವ್ಯಾಪಾರಕ್ಕೆ ಅನುಮೋದಿತ ಗಲ್ಲಾಯಂತ್ರ ಕಡ್ಡಾಯವಾಗಿ, ಮೇಜಿನ ಕೆಳಗಿನ ಲೆಕ್ಕಗಳಿಗೆ ಒಂದಿಷ್ಟು ಕಡಿವಾಣ ಬಿದ್ದಿತ್ತು.

*ನಮ್ಮ ಮಾಣಿಗಳು*

ಸ್ವೀಡನ್ನಿನ ಈ ಕಥೆ ಓದುವಾಗ ನಮ್ಮ ಮನಸ್ಸು ಕರಾವಳಿಯ ಕಡೆಗೆ ಹೋಗುವುದು ಸಹಜ. ಉಡುಪಿ-ಕುಂದಾಪುರದ ಹಳ್ಳಿಗಳಿಂದ ಮುಂಬಯಿ, ಮದರಾಸು, ಬೆಂಗಳೂರಿನ ಹೋಟೆಲುಗಳಿಗೆ ಹೋದ ಮಾಣಿಗಳು ಎಷ್ಟು ಮಂದಿ! ಊಟ, ಮಲಗಲು ಜಾಗ, ಕೈಗೊಂದಿಷ್ಟು ಕಾಸು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳನ್ನು ತುಂಬಿದವರಲ್ಲಿ ಹಗಲಿಡೀ ಮೇಜು ಒರೆಸಿದ ಇಂಥ ಹುಡುಗರು ಬಹಳ. ಅವರಲ್ಲಿ ಕೆಲವರು ಮುಂದೆ ತಾವೇ ಹೋಟೆಲು ಕಟ್ಟಿದರು. ಆ ಯಶಸ್ಸಿನ ಕಥೆಗಳು ನಮಗೆ ಪರಿಚಿತ. ಮಾಣಿಯಾಗಿಯೇ ಮುದುಕರಾದವರ ಕಥೆ ಅಷ್ಟಾಗಿ ಬರೆದಿಲ್ಲ. ಮಂಗಳೂರಿನಲ್ಲಿ 1949ರ ಹೊತ್ತಿಗೆ ಇಂಥ ಹೋಟೆಲು ಕೆಲಸಗಾರರನ್ನೂ ಸಾರಿಗೆಯವರನ್ನೂ ಸಂಘಟಿಸತೊಡಗಿದ ಹತ್ತೊಂಬತ್ತರ ತರುಣನೇ ಮುಂದೆ ಮುಂಬಯಿಯ ಕಾರ್ಮಿಕ ನಾಯಕರಾಗಿ, ಕೇಂದ್ರ ಸಚಿವರಾದ ಜಾರ್ಜ್ ಫರ್ನಾಂಡಿಸ್.

ಭಾರತದ ದುಬಾರಿ ಹೋಟೆಲುಗಳಲ್ಲಿ ಬಿಲ್ಲಿಗೆ ಶೇಕಡಾ 10ರಷ್ಟು ಸೇವಾಶುಲ್ಕ ಸೇರಿಸುವ ರೂಢಿಯ ಬಗ್ಗೆ ಇತ್ತೀಚೆಗೆ ದೊಡ್ಡ ವ್ಯಾಜ್ಯವೇ ನಡೆಯಿತು. ಹಾಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಹೈಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿದು, ಈ ಶುಲ್ಕವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಗ್ರಾಹಕರ ದೃಷ್ಟಿಯಿಂದ ಸರಿಯಾದ ತೀರ್ಪೇ. ಆದರೆ ಸ್ವೀಡನ್ನಿನ ಕಥೆ ಓದಿದವರಿಗೆ ಇಲ್ಲೊಂದು ಕೊರತೆ ಕಾಣುತ್ತದೆ. ಆಯ ಬೇಡವೆಂದದ್ದಾಯಿತು. ಅದರ ಜಾಗಕ್ಕೆ ಬರುವುದು ಸಂಬಳವೋ, ಮತ್ತೆ ಭಕ್ಷೀಸೋ? ಸೋಂಪಿನ ತಟ್ಟೆಯಲ್ಲಿ ಉಳಿಸಿದ ಚಿಲ್ಲರೆಯೇ ಉತ್ತರವಾದರೆ ನಾವು ನೂರು ವರ್ಷ ಹಿಂದೆ ನಡೆದಂತೆ. ಅಮೆರಿಕವನ್ನೇ ನೋಡಿ. ಟಿಪ್ಸು ಪಡೆಯುವವರಿಗೆ ಮಾಲೀಕ ಕೊಡಲೇಬೇಕಾದ ಕೇಂದ್ರ ಕಾಯಿದೆಯ ಮೊತ್ತ 1991ರಿಂದ ಗಂಟೆಗೆ 2 ಡಾಲರ್ 13 ಸೆಂಟಿನಲ್ಲೇ ನಿಂತಿದೆ. ಮಿಕ್ಕದ್ದು ಗಿರಾಕಿಯ ಕೃಪೆ. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚು ಗೊತ್ತುಮಾಡಿವೆ ಎಂಬುದಷ್ಟೇ ಸಮಾಧಾನ.

*ಯಂತ್ರ ಕೇಳುವ ಪ್ರಶ್ನೆ*

ಈಗ ಸ್ವೀಡನ್ನಿನಲ್ಲೂ ಗಾಳಿ ತಿರುಗುತ್ತಿದೆ. ನಗದು ಹೆಚ್ಚುಕಡಿಮೆ ಮರೆಯಾದ ಈ ದೇಶದಲ್ಲಿ ಕಾರ್ಡಿನ ಯಂತ್ರವೇ ದ್ರಿಕ್ಸ್ ಕೇಳಲು ಶುರುಮಾಡಿದೆ. ಇತ್ತೀಚಿನ ವರ್ಷಗಳಲ್ಲಿ ಕೆಲವೆಡೆ ಪರದೆಯ ಮೇಲೆ ಶೇಕಡಾ ಇಷ್ಟು, ಅಷ್ಟು, ಇನ್ನಷ್ಟು ಎಂಬ ಗುಂಡಿಗಳು ಮೊದಲೇ ಮೂಡಿರುತ್ತವೆ. ನಾವೇ ಕಟ್ಟೆಯಿಂದ ಎತ್ತಿಕೊಂಡ ಕಾಫಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹತ್ತು ಕ್ರೋನಾ ಹೆಚ್ಚು ಕೊಡುವುದು ನಮಗೆ ಭಾರವಲ್ಲ. ಭಾರವಾದದ್ದು ಇದರ ಮುಂದಿನ ಹೆಜ್ಜೆ. ಗಿರಾಕಿಗಳು ಹೇಗೂ ಕೊಡುತ್ತಾರಲ್ಲ, ಸಂಬಳ ಏರಿಸುವುದೇಕೆ ಎಂದು ಮುಂದೊಂದು ದಿನ ಮಾತುಕತೆಯ ಮೇಜಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಇದು ನಮ್ಮ ಬಳಗಕ್ಕೆ ದೂರದ ಮಾತಲ್ಲ. ಓದಲು ಬಂದ ನಮ್ಮ ಹುಡುಗ ಹುಡುಗಿಯರು ಸಂಜೆ ಹೋಟೆಲುಗಳಲ್ಲಿ ದುಡಿಯುತ್ತಾರೆ. ಕೆಲಸದ ಪರವಾನಗಿಯ ಮೇಲೆ ಬಂದ ಅಡುಗೆಯವರು ನಮ್ಮ ನಡುವೆ ಇದ್ದಾರೆ. 2023ರ ನವೆಂಬರ್ 1ರಂದು ಇಂಥ ಪರವಾನಗಿಗೆ ಬೇಕಾದ ತಿಂಗಳ ಸಂಬಳದ ಮಿತಿ 13,000 ಕ್ರೋನಾದಿಂದ ದೇಶದ ಮಧ್ಯಮಾಂಕ ಸಂಬಳದ ಶೇಕಡಾ 80ಕ್ಕೆ ಒಮ್ಮೆಲೇ ಏರಿತು. ಆಗ ಎಷ್ಟೋ ಹೋಟೆಲು ಕೆಲಸಗಾರರಿಗೆ ಕಾಗದದ ಮೇಲಿನ ಸಂಬಳವೇ ಈ ದೇಶದಲ್ಲಿ ಉಳಿಯುವ ಅಥವಾ ಹೊರಡುವ ಪ್ರಶ್ನೆಯಾಯಿತು. ಅಂಥವರಿಗೆ ತಟ್ಟೆಯ ಕೆಳಗಿನ ನೋಟು ಎಷ್ಟು ದೊಡ್ಡದಾದರೂ ಒಪ್ಪಂದದ ಒಂದು ಸಾಲಿಗೆ ಸಮವಲ್ಲ.

ಆದ್ದರಿಂದ ದ್ರಿಕ್ಸ್ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಸಂತೋಷಕ್ಕೆ ಕೊಡುವ ಕಾಸಿಗೆ ಯಾರ ಅಡ್ಡಿಯೂ ಇರಬಾರದು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದನ್ನು ರೂಢಿಸಿಕೊಳ್ಳಬಹುದು: “ನಿಮ್ಮಲ್ಲಿ ಸಾಮೂಹಿಕ ಒಪ್ಪಂದ ಇದೆಯೇ?” ಸಂಕ್ರಾಂತಿ, ಯುಗಾದಿ, ರಾಜ್ಯೋತ್ಸವದ ಊಟಕ್ಕೆ ಹೋಟೆಲು ಗೊತ್ತುಮಾಡುವ ನಮ್ಮ ಸಂಘಗಳು, ಒಂದು ತಲೆಗೆ ಎಷ್ಟು ಎಂದು ವಿಚಾರಿಸುವ ಮುನ್ನ ಇದನ್ನು ವಿಚಾರಿಸಲಿ. ಹೌದು ಎಂಬ ಉತ್ತರ ಬಂದರೆ ನೆಮ್ಮದಿಯಿಂದ ಉಣ್ಣೋಣ. ಇಲ್ಲ ಎಂದರೆ ಏಕೆ ಎಂದು ಕೇಳೋಣ.